ವಿಜಯಪುರದ ನಾಲ್ಕು ಬೇಸಿಗೆಯಲ್ಲಿ ಎಚ್‌ಡಬ್ಲ್ಯೂಇನ್ಫೋ ಬಳಸಿದ ಅನುಭವ

ನನ್ನ ಕಂಪ್ಯೂಟರ್ ಇರೋದು ಮ್ಯಾಲಿನ ಖೋಲಿಯಲ್ಲಿ. ತಲೆ ಮೇಲೆ ಪತ್ರಾಸು. ಮೇ ತಿಂಗಳ ಮಧ್ಯಾಹ್ನ ಗೋಡೆಯ ಥರ್ಮಾಮೀಟರ್ 40 ತೋರಿಸುತ್ತೆ, ಕಿಟಕಿ ತೆರೆದರೆ ಎರೆಮಣ್ಣಿನ ಧೂಳು ಒಳಗೆ ಬರುತ್ತೆ. ಅಲ್ಲೇ ಕೂತು ಅಪ್ಪಾರು ಇಟ್ಟುಹೋದ ವಿಡಿಯೋ ಕ್ಯಾಸೆಟ್‌ಗಳನ್ನ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸ್ತಿದ್ದೇನೆ. ಊರ ಜಾತ್ರೆ, ಮನೆಯ ಮದುವೆಗಳು, ರಾತ್ರಿಯಿಡೀ ನಡೆದ ಸಣ್ಣಾಟ. ಟೇಪು ಹಾಳಾಗೋದರೊಳಗೆ ಎಲ್ಲವನ್ನೂ ಉಳಿಸಿಕೊಳ್ಳಬೇಕು ಅನ್ನೋದೇ ನನ್ನ ಹಟ. ಪ್ರತಿ ಕ್ಯಾಸೆಟ್ಟನ್ನು ಇಳಿಸಿಕೊಂಡ ಮೇಲೆ ಚಿಕ್ಕ ಫೈಲಾಗಿ ಮಾಡೋಕೆ ಪ್ರೊಸೆಸರ್ ತಾಸುಗಟ್ಟಲೆ ಪೂರ್ತಿ ದುಡಿಯುತ್ತೆ.

ಯಂತ್ರ ಇಂಟೆಲ್ ಐ5-10400, 6 ಕೋರ್, ಪ್ರೊಸೆಸರನ್ನು ತಂಪಿಡೋಕೆ ಡಬ್ಬದಲ್ಲಿ ಬಂದ ಅದೇ ಸಣ್ಣ ಕೂಲರ್. 2021ರ ದೀಪಾವಳಿಗೆ ತಗೊಂಡದ್ದು. ಚಳಿಗಾಲದಲ್ಲಿ ಮೂರು ತಾಸಿಗೆ ಮುಗೀತಿದ್ದ ಕೆಲಸ 2022ರ ಮೇನಲ್ಲಿ ನಾಲ್ಕು ತಾಸು ಹಿಡೀತು. ಅಂಗಡಿಗೆ ಒಯ್ದೆ. "ಪ್ರೊಸೆಸರ್ ದಮ್ಮು ಮುಗದೈತ್ರಿ ಸರ್, ಹೊಸಾದ್ ಹಾಕಸ್ರಿ" ಅಂದರು. ಏಳು ತಿಂಗಳ ಯಂತ್ರಕ್ಕೆ ಈ ಮಾತೇ? ನನಗೆ ಒಪ್ಪಿಗೆ ಆಗಲಿಲ್ಲ. ವಾಪಸ್ ತಂದು, ಕಂಪ್ಯೂಟರಿನ ಬಿಸಿ, ವೇಗ, ವೋಲ್ಟೇಜು ಎಲ್ಲ ಓದಿ ತೋರಿಸೋ ಎಚ್‌ಡಬ್ಲ್ಯೂಇನ್ಫೋ (HWiNFO) ಅನ್ನೋ ಪ್ರೋಗ್ರಾಮ್ ಹಾಕಿದೆ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕಲ್ಲ ಅಂತ ಕೇಳೋರಿದ್ದಾರೆ. ಪ್ರೊಸೆಸರ್ ಎಷ್ಟು ಪರ್ಸೆಂಟ್ ದುಡೀತಿದೆ ಅಂತ ಅದು ಹೇಳುತ್ತೆ. ವಿಂಡೋಸ್ 10ರ 2020ರ ಮೇ ಅಪ್‌ಡೇಟ್ ನಂತರ ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನೂ ತೋರಿಸುತ್ತೆ. ಆದರೆ ಪ್ರೊಸೆಸರ್‌ನ ಬಿಸಿ ಎಷ್ಟು ಅಂತ ಹೇಳೋದಿಲ್ಲ, ನನಗೆ ಬೇಕಿದ್ದುದು ಅದೇ. ಎಚ್‌ಡಬ್ಲ್ಯೂಇನ್ಫೋ ತೆರೆಯುವಾಗ "ಸೆನ್ಸರ್ಸ್ ಓನ್ಲಿ" ಗುರುತು ಹಾಕಿದರೆ ನೇರ ಪಟ್ಟಿ ಬರುತ್ತೆ. ಪ್ರತಿ ಸಾಲಿಗೂ ನಾಲ್ಕು ಅಂಕಿ: ಈಗಿನದು, ಅತಿ ಕಡಿಮೆ, ಅತಿ ಹೆಚ್ಚು, ಸರಾಸರಿ. ಮೊದಲ ಸಲ ನೋಡಿದವರಿಗೆ ಗಾಬರಿ ಆಗೋದು ಸಹಜ, ಸಾಲುಗಳು ನೂರು ದಾಟುತ್ತವೆ. ಬೇಡದ್ದನ್ನು ಬಲ ಗುಂಡಿ ಒತ್ತಿ ಮರೆಮಾಡಬಹುದು. ನಾನು ಹನ್ನೆರಡು ಸಾಲು ಮಾತ್ರ ಉಳಿಸಿಕೊಂಡೆ.

ಆ ದಿನ ಕಂಡದ್ದು ಹೀಗೆ. ಚಿಪ್ಪಿನ (ಅಂದರೆ ಪ್ರೊಸೆಸರ್‌ನ) ಬಿಸಿ 100 ಡಿಗ್ರಿ, ಅಂದರೆ ಈ ಪ್ರೊಸೆಸರಿಗೆ ಇಂಟೆಲ್ ಹಾಕಿದ ಮಿತಿ. "ಥರ್ಮಲ್ ಥ್ರಾಟ್ಲಿಂಗ್" (ಬಿಸಿ ತಾಳದೆ ವೇಗ ಇಳಿಸಿಕೊಳ್ಳೋದು) ಎದುರಿಗೆ ಕೆಂಪಕ್ಷರದಲ್ಲಿ "ಯೆಸ್". ವೇಗ 2.7 ಗಿಗಾಹರ್ಟ್ಸ್‌ಗೆ ಬಿದ್ದಿತ್ತು, ಚಳಿಗಾಲದಲ್ಲಿ ಇದೇ ಕೆಲಸಕ್ಕೆ 3.6 ಇರಬೇಕಾದದ್ದು. 65 ವ್ಯಾಟ್ ಎಳೆಯಬೇಕಾದ ಚಿಪ್ಪು 40ಕ್ಕೆ ಇಳಿದು ಜೀವ ಹಿಡಿದಿತ್ತು. ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿ ತಿರುಗ್ತಿತ್ತು. ಫ್ಯಾನ್ ತಿರುಗಿದರೂ ಬಿಸಿ ಇಳೀದಿದ್ದರೆ ಗಾಳಿ ಒಳಗೆ ಹೋಗ್ತಿಲ್ಲ ಅಂತ ಅನುಮಾನ ಪಡಬೇಕು. ಕೂಲರ್ ಬಿಚ್ಚಿದೆ. ಬಿಸಿ ಹೀರಿಕೊಳ್ಳೋ ಲೋಹದ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕಂಬಳಿ ಹಾಸಿದಂಗೆ ಕೂತಿತ್ತು. ಬ್ಲೋವರ್ ಹೊಡೆದು, ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸೋ ಹಳೇ ಥರ್ಮಲ್ ಪೇಸ್ಟ್ ಒರೆಸಿ, ಹೊಸದು ಹಚ್ಚಿದೆ. ಮರುದಿನ ಅದೇ ಹೊತ್ತಿಗೆ ಅದೇ ಕೆಲಸ ಕೊಟ್ಟರೆ 65 ವ್ಯಾಟ್ ಎಳೆದೂ 79 ಡಿಗ್ರಿ. ಮೂರು ತಾಸಿಗೆ ಕೆಲಸ ಮುಗೀತು. ಬ್ಲೋವರ್ ಮನೆಯಲ್ಲೇ ಇತ್ತು, ಪೇಸ್ಟಿನ ಒಂದು ಟ್ಯೂಬಿಗಷ್ಟೇ ದುಡ್ಡು ಹೋಯ್ತು.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ, ನಮ್ಮ ಕಡೆಯವರೆಲ್ಲ ಮಾಡಬೇಕು ಅಂತ ನನ್ನ ಆಸೆ. ಚಿಪ್ಪಿನ ಬಿಸಿಯೊಂದನ್ನೇ ನೋಡಬೇಡಿ, ಅದರಿಂದ ಖೋಲಿಯ ಬಿಸಿಯನ್ನು ಕಳೆಯಿರಿ. ತಂಪು ಊರಿನವರು ಬರೆದ "80 ದಾಟಬಾರದು" ಎಂಬ ಸಲಹೆ ಹಿಡಿದುಕೊಂಡರೆ ನಾವು ಬೇಸಿಗೆಯಿಡೀ ಹೆದರಿಕೊಂಡೇ ಇರಬೇಕಾಗುತ್ತೆ. ಜನವರಿ ರಾತ್ರಿ ನನ್ನ ಖೋಲಿ 22, ಚಿಪ್ಪು 62. ಮೇ ಮಧ್ಯಾಹ್ನ ಖೋಲಿ 39, ಚಿಪ್ಪು 79. ಎರಡಕ್ಕೂ ವ್ಯತ್ಯಾಸ 40. ಕೂಲರ್ ಎರಡು ಹೊತ್ತಿನಲ್ಲೂ ಒಂದೇ ಥರ ದುಡಿದಿದೆ. ಧೂಳು ಕಟ್ಟಿದ್ದಾಗ ಇದೇ ವ್ಯತ್ಯಾಸ 60 ಇತ್ತು, ಅದೂ ಚಿಪ್ಪು ತನ್ನ ವೇಗ ತಾನೇ ಇಳಿಸಿಕೊಂಡಾಗ.

ರಾತ್ರಿ ಕೆಲಸ ಹಚ್ಚಿ ಮಲಗೋರಿಗೆ ಲಾಗ್ ಸೌಲಭ್ಯ ಬಹಳ ಉಪಯೋಗ. ಕೆಳಗಿನ ಗುಂಡಿ ಒತ್ತಿದರೆ ಅಂಕಿಗಳೆಲ್ಲ ಸಿಎಸ್‌ವಿ ಫೈಲಿಗೆ ಇಳೀತವೆ, ಎಕ್ಸೆಲ್‌ನಲ್ಲಿ ತೆರೆದು ಗೆರೆ ಎಳೆದು ನೋಡಬಹುದು. ಮೊದಲೇ ಇಟ್ಟಿರೋ ಲೆಕ್ಕ 2 ಸೆಕೆಂಡಿಗೊಂದು ಸಾಲು, 8 ತಾಸಿಗೆ 14,400 ಸಾಲು. 10 ಸೆಕೆಂಡಿಗೆ ಬದಲಿಸಿ, 2,880ಕ್ಕೆ ಇಳೀತದೆ, ತಿಳಿಯೋದೂ ಅಷ್ಟೇ ತಿಳೀತದೆ.

ಎಸ್‌ಎಸ್‌ಡಿಗೆ (ಬರೆದಷ್ಟೂ ಸವೆಯೋ ವೇಗದ ಡಿಸ್ಕು) ಇದುವರೆಗೆ ಎಷ್ಟು ಬರೆದಿದ್ದೇವೆ, ಆಯುಷ್ಯ ಎಷ್ಟು ಉಳಿದಿದೆ ಅನ್ನೋದೂ ಇದರಲ್ಲಿ ಕಾಣುತ್ತೆ. ಡಿವಿ (ಡಿಜಿಟಲ್ ವಿಡಿಯೋ) ರೂಪದಲ್ಲಿ ಒಂದು ತಾಸಿನ ಟೇಪು ಸುಮಾರು 13 ಜಿಬಿ. ಆ ಲೆಕ್ಕ ಏರೋದು ನೋಡಿ ಟೇಪು ಇಳಿಸೋದನ್ನ ಹಾರ್ಡ್ ಡಿಸ್ಕಿಗೆ ಬದಲಿಸಿದೆ.

ಕೊರತೆಗಳೂ ಇವೆ. ನನಗೆ ದೊಡ್ಡ ತ್ರಾಸು ಕೊಟ್ಟದ್ದು ವೋಲ್ಟೇಜು. ಒಂದಿನ 12 ವೋಲ್ಟಿನ ಸಾಲಿನಲ್ಲಿ 10.2 ಅಂತ ಬಂತು. ನಿಯಮದ ಪ್ರಕಾರ 11.4ರಿಂದ 12.6ರೊಳಗೆ ಇರಬೇಕು. ಪವರ್ ಸಪ್ಲೈ ಸತ್ತಿತು ಅಂತ ಎರಡು ರಾತ್ರಿ ನಿದ್ದೆ ಇಲ್ಲ. ಮಲ್ಟಿಮೀಟರ್ ತಂದು ಹಳದಿ ಮತ್ತು ಕಪ್ಪು ತಂತಿಗೆ ಹಿಡಿದರೆ 12.08. ಮದರ್‌ಬೋರ್ಡಿನ ಸೆನ್ಸರ್ ಕೊಡೋ ಅಂಕಿಯನ್ನು ಯಾವ ಅನುಪಾತದಲ್ಲಿ ಗುಣಿಸಬೇಕು ಅನ್ನೋದು ಬೋರ್ಡಿನಿಂದ ಬೋರ್ಡಿಗೆ ಬೇರೆ, ನನ್ನದಕ್ಕೆ ಅದು ಹೊಂದಲಿಲ್ಲ. ಯಾವುದೂ ಜೋಡಿಸಿರದ ಒಂದು ಸೆನ್ಸರ್ 127 ಡಿಗ್ರಿ ಅಂತಲೂ ತೋರಿಸಿತು. ಪ್ರೊಸೆಸರ್ ತನ್ನ ಬಗ್ಗೆ ತಾನೇ ಹೇಳೋ ಅಂಕಿ ನಂಬಿ. ಬೋರ್ಡಿನ ವೋಲ್ಟೇಜನ್ನು ಮೀಟರ್ ಹಿಡಿಯದೆ ನಂಬಬೇಡಿ.

ಇನ್ನೊಂದು, ಬೇರೆ ಪ್ರೋಗ್ರಾಮಿಗೆ ಅಂಕಿ ಹಂಚೋ "ಶೇರ್ಡ್ ಮೆಮೊರಿ" ಉಚಿತ ಆವೃತ್ತಿಯಲ್ಲಿ 12 ತಾಸಿಗೆ ನಿಲ್ಲುತ್ತೆ, ಕೈಯಾರೆ ಮತ್ತೆ ಹಚ್ಚಬೇಕು. ಸೆಟ್ಟಿಂಗ್ಸ್‌ನ ಗ್ಯಾಜೆಟ್ ಭಾಗದಿಂದ ರಿಜಿಸ್ಟ್ರಿಗೆ (ವಿಂಡೋಸ್‌ನ ಸೆಟ್ಟಿಂಗುಗಳ ಕೋಶ) ಅಂಕಿ ಬರೆಸಿದರೆ ಆ ತೊಂದರೆ ಇಲ್ಲ. ಅಲ್ಲಿಂದ ರೇನ್‌ಮೀಟರ್ ಅನ್ನೋ ಇನ್ನೊಂದು ಪ್ರೋಗ್ರಾಮ್ ಓದಿಕೊಂಡು ಡೆಸ್ಕ್‌ಟಾಪ್ ಮೇಲೆ ತೋರಿಸುತ್ತೆ. ನಾನು ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟೆ: ಬಿಸಿ, ಗಾಳಿ, ವೇಗ. ಮೊದಲಿಗೆ ಅಕ್ಷರದ ಬದಲು ಬರೀ ಕಸ ಕಾಣಿಸ್ತು. ರೇನ್‌ಮೀಟರ್‌ನಲ್ಲಿ ಏನು ಹೇಗೆ ಕಾಣಬೇಕು ಅಂತ ಹೇಳೋ ಸ್ಕಿನ್ ಫೈಲನ್ನು ಯುಟಿಎಫ್-16 ಎಲ್‌ಇ ಅನ್ನೋ ಅಕ್ಷರ-ಸಂಕೇತದ ರೂಪದಲ್ಲಿ ಉಳಿಸಿ, ನಿರ್ಮಲಾ ಯುಐ ಫಾಂಟ್ ಕೊಟ್ಟ ಮೇಲೆ ಸರಿಹೋಯ್ತು.

ಅದನ್ನು ಮಾಡಿದ್ದಕ್ಕೆ ನನಗೆ ಎಷ್ಟು ಸಮಾಧಾನ ಅಂದರೆ, ಈಗ ಅವ್ವ ಸಣ್ಣಾಟ ನೋಡಲಿಕ್ಕೆ ಮ್ಯಾಲೆ ಬಂದಾಗ ತಾನೇ ಓದತಾಳೆ. "ಬಿಸಿ ಎಂಬತ್ತಕ್ ಬಂದೈತಿ ನೋಡಪಾ, ಚೂರು ಆರಲಿ ಬಿಡು" ಅಂತಾಳೆ.

ಎಚ್‌ಡಬ್ಲ್ಯೂಇನ್ಫೋ ಮನೆ ಬಳಕೆಗೆ ಪುಕ್ಕಟೆ. ವ್ಯಾಪಾರಕ್ಕೆ ಬಳಸೋರು ದುಡ್ಡು ಕೊಟ್ಟು ಪ್ರೊ ಆವೃತ್ತಿ ತಗೋಬೇಕು, ಸ್ಟುಡಿಯೋದವರು ಇದನ್ನ ಗಮನಿಸಿ. 5ರಲ್ಲಿ ನನ್ನದು ನಾಲ್ಕೂವರೆ, ಅರ್ಧ ಕಳೆದದ್ದು ಆ 10.2 ವೋಲ್ಟಿಗೆ. ಕ್ಯಾಸೆಟ್ ಇನ್ನೂ 31 ಉಳಿದಿವೆ. ನಿನ್ನೆ ರಾತ್ರಿಯ ಲಾಗ್‌ನಲ್ಲಿ ವ್ಯತ್ಯಾಸ 47 ಬಂದಿದೆ, ಈ ಆಯಿತವಾರ ಬ್ಲೋವರ್ ಹೊಡೀಬೇಕು.