ಮೊದಲು ಓದುವುದು ‘ದಿ ಡೀಲ್’ ಅನ್ನೋ, ‘ಐಸ್‌ಬ್ರೇಕರ್’ ಅನ್ನೋ?

ಎರಡೂ ಪ್ರೇಮ ಕಾದಂಬರಿಗಳು. ಎರಡರಲ್ಲೂ ಅಮೆರಿಕದ ಕಾಲೇಜು, ಎರಡರಲ್ಲೂ ನಾಯಕ ಐಸ್ ಹಾಕಿ ತಂಡದ ಕ್ಯಾಪ್ಟನ್. ಹೋಲಿಕೆ ಬಹುತೇಕ ಅಲ್ಲಿಗೇ ಮುಗಿಯಿತು.

ಎಲ್ ಕೆನಡಿಯ ‘ದಿ ಡೀಲ್’ (2015) ಮಾತಿನ ಮೇಲೆ ನಿಂತ ಕಾದಂಬರಿ. ಅಂಕ ಕಡಿಮೆಯಾದರೆ ನಾಯಕ ಗ್ಯಾರೆಟ್‌ಗೆ ಆಟವೇ ಕೈತಪ್ಪುತ್ತದೆ. ಹಾಗಾಗಿ ಸಂಗೀತ ಓದುವ ಹ್ಯಾನಾಳ ಹತ್ತಿರ ಪಾಠಕ್ಕೆ ದುಂಬಾಲು ಬೀಳುತ್ತಾನೆ. ಅದಕ್ಕೆ ಪ್ರತಿಯಾಗಿ ಅವನು ಅವಳ ಪ್ರಿಯಕರನಂತೆ ನಟಿಸಬೇಕು. ಇಬ್ಬರ ಕಾಲೆಳೆದಾಟ ಓದುತ್ತಾ ನಗು ತಡೆಯಲಾಗಲಿಲ್ಲ. ಆದರೆ ಹ್ಯಾನಾ ಹಿಂದೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳು, ಗ್ಯಾರೆಟ್‌ಗೆ ಹೊಡೆಯುವ ಅಪ್ಪ. ಆ ಭಾಗಗಳನ್ನು ಲೇಖಕಿ ಅವಸರಿಸದೆ ಬರೆದಿದ್ದಾರೆ, ನನಗೆ ಇಷ್ಟವಾದದ್ದೇ ಅದು. ಹಾಕಿ ಮಾತ್ರ ಒಗ್ಗರಣೆಯಷ್ಟೇ.

ಲೇಖಕಿ ಹ್ಯಾನಾ ಗ್ರೇಸ್‌ಳ ‘ಐಸ್‌ಬ್ರೇಕರ್’ನಲ್ಲಿ (2022) ನಾಯಕಿಯೂ ಕ್ರೀಡಾಪಟು. ಐಸ್ ಮೇಲೆ ನೃತ್ಯದಂತೆ ಜಾರುವ ಫಿಗರ್ ಸ್ಕೇಟರ್ ಅನಸ್ತೇಸಿಯಾ ತನ್ನ ಅಭ್ಯಾಸದ ಅಂಗಳವನ್ನು ನಾಯಕ ನೇಟನ ಹಾಕಿ ತಂಡದೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ಅವಳ ಊಟದ ಮೇಲೂ ಹಿಡಿತವಿಡುವ ಸ್ಕೇಟಿಂಗ್ ಜೊತೆಗಾರ ಆರನ್‌ನ ಕಥೆ ಚೆನ್ನಾಗಿದೆ. ಪುಸ್ತಕ ಎಳೆದಂತಿದೆ, ನಡುವೆ ನಾಲ್ಕಾರು ಅಧ್ಯಾಯ ನಾನು ಹಾರಿಸಿದೆ. ಮುಖಪುಟದ ಮುದ್ದು ಚಿತ್ರ ನೋಡಿ ಹೈಸ್ಕೂಲು ಹುಡುಗಿಗೆ ಕೊಡಿಸಬೇಡಿ. ಒಳಗಿರುವುದು ದೊಡ್ಡವರ ಸರಕು!

ಮನೆಯಲ್ಲಿ ಆಟದ ಹುಚ್ಚಿದ್ದವರಿಗೆ ಎರಡನೆಯದು ಹಿಡಿಸೀತು. ನಾನಾದರೆ ಗ್ಯಾರೆಟ್‌ನನ್ನೇ ಮತ್ತೆ ಓದುತ್ತೇನೆ.