ಹಾಡು ಕೇಳೋ ಖೋಲಿಗೆ ಫೋಮ್, ಮರದ ನೆಲ ಹಾಕಿಸೋಕೆ ಮುಂಚೆ ಇದನ್ನೊಮ್ಮೆ ಓದ್ರಿ

ರಾಯಚೂರಿನ ನಮ್ಮ ಮನೆ ಮಾಳಿಗೆ ಮೇಲೊಂದು ಖೋಲಿ ಐತಿ. ಉದ್ದ 10 ಅಡಿ, ಅಗಲ 10, ಎತ್ತರವೂ ಅಷ್ಟೇ. ನೆಲಕ್ಕೆ ಟೈಲ್ಸ್. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಹಚ್ಚಿದರೆ ದನಿ ಗೋಡೆಯಿಂದ ಗೋಡೆಗೆ ಪುಟಿಯೋದು, ತಬಲಾದ ಡಗ್ಗಾ (ಎಡಗೈಲೆ ಬಾರಿಸೋ ದಪ್ಪ ದನಿಯದು) ಗುಂಯ್‌ಗುಡೋದು.

"ವುಡನ್ ಫ್ಲೋರ್ ಹಾಕಿ ಗೋಡಿಗೆ ಫೋಮ್ ಹಚ್ಚಿಬಿಡೂಣ್ರಿ ಸರ, ಸ್ಟುಡಿಯೋ ಆಗ್ತದ. ಹೊರಗಿನ ಸದ್ದೂ ಬರಂಗಿಲ್ಲ" ಅಂದ ಇಂಟೀರಿಯರ್ ಕೆಲಸದವ. 62 ಸಾವಿರ ಎಣಿಸಿದೆ.

1 ಇಂಚಿನ ಫೋಮ್ ತಂಬೂರಿಯ ಮಿಂಚನ್ನೆಲ್ಲ ನುಂಗಿ ಹಾಕ್ತು. ಡಗ್ಗಾ ಮಾತ್ರ ಹಂಗೇ ಉಳೀತು, ಇನ್ನೂ ಜೋರಾದಂಗ ಕೇಳ್ತು. ಲೆಕ್ಕ ಆಮೇಲೆ ತಿಳೀತು: 10 ಅಡಿ ಅಂತರದ ಎರಡು ಗೋಡೆ ನಡುವೆ ಸುಮಾರು 56 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 56 ಸಲ ಕಂಪಿಸೋ ದಪ್ಪ ಸದ್ದು ಉಬ್ಬತೈತಿ. ನಂದು ಡಬ್ಬಿಯಂಥ ಖೋಲಿ. ಉದ್ದ, ಅಗಲ, ಎತ್ತರ ಮೂರೂ ಕಡೆ ಅದೇ ಸದ್ದು ಒಂದರ ಮೇಲೊಂದು ಕೂಡ್ತದ. ಅದರ ಅಲೆ 20 ಅಡಿ ಉದ್ದ. 1 ಇಂಚಿನ ಫೋಮ್ ಅದನ್ನೇನು ತಡೀತದ? ಬಾಜೂ ಹಿಟ್ಟಿನ ಗಿರಣಿ ಸದ್ದೂ ಮೊದಲಿನಂಗೇ ಬರ್ತದ. ಒಳಗಿನ ಪ್ರತಿಧ್ವನಿ ಹೀರೋದು ಬೇರೆ, ಹೊರಗಿನ ಸದ್ದು ತಡಿಯೋದು ಬೇರೆ.

ನೆಲದ್ದು ಇನ್ನೊಂದು ಕಥೆ. ಮರ ಅಂದದ್ದು ಲ್ಯಾಮಿನೇಟ್, ಒಳಗೆ ಒತ್ತಿದ ಮರದ ಪುಡಿ. ಟೈಲ್ಸ್‌ನಂಗೇ ಸದ್ದು ಪುಟಿಸ್ತದ, ಮೇಲಾಗಿ ನಡೆದರೆ ದಬ್ ದಬ್. ಗೋಡೆ ಅಂಚಿಗೆ ಬಿಡಬೇಕಾದ ಸಂದು ಬಿಟ್ಟಿರಲಿಲ್ಲ. ಮಳೆಗಾಲದಾಗ ತೇವಕ್ಕೆ ಹಿಗ್ಗಿ ನಡುವೆ ಎದ್ದು ನಿಂತಿತು. ಅವ್ವ ಒದ್ದೆ ಅರಿವೆಲೆ ಒರೆಸಿದ್ದಕ್ಕ ಹಿಂಗಾತು ಅಂತ ಆ ಮನುಷ್ಯಾ ಅಕಿ ಮೇಲೇ ತಪ್ಪು ಹೊರಿಸಿದ!

ಎಲ್ಲಕ್ಕಿಂತ ಅಂಜಿಕೆ ಹುಟ್ಟಿಸಿದ್ದು ಬೇರೆ. ಫೋಮಿನ ಚೂರೊಂದನ್ನ ಬಯಲಾಗ ಇಟ್ಟು ಕಡ್ಡಿ ಗೀರಿದೆ. ಭಗ್ ಅಂತ ಹತ್ತಿ, ಉರೀತಾ ತೊಟ್ಟಿಕ್ಕಿ, ಕರಿ ಹೊಗೆ ಬಿಡ್ತು. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ಬೊಂದರಲ್ಲಿ ಗೋಡೆಯ ಫೋಮಿಗೆ ಪಟಾಕಿ ಕಿಡಿ ತಾಗಿ 100 ಮಂದಿ ಸತ್ತರು. ನಮ್ಮ ಖೋಲಿಯಾಗ ಸ್ವಿಚ್ ಬೋರ್ಡ್ ಸುತ್ತಲೂ ಅದನ್ನೇ ಹಚ್ಚಿದ್ದ. ಮರುದಿನವೇ ಕಿತ್ತೆ.

ಲ್ಯಾಮಿನೇಟನ್ನೂ ತೆಗೆಸಿದೆ. ಈಗ ಟೈಲ್ಸ್ ಮೇಲೆ ದಪ್ಪ ಜಮಖಾನ, ಮೂಲೆಗೆ ಹಳೇ ಹತ್ತಿ ಗಾದಿಗಳ ಸುರುಳಿ. ಕುರ್ಚಿಯನ್ನ ಖೋಲಿಯ ನಟ್ಟನಡುವಿನಿಂದ ಎರಡು ಅಡಿ ಹಿಂದಕ್ಕೆ ಸರಿಸಿದೆ; ಅಷ್ಟಕ್ಕೇ ಡಗ್ಗಾ ಬಹಳ ಬದಲಾತು. ಇನ್ನೂ ಖರ್ಚು ಮಾಡೋದಾದರೆ ಮೂಲೆಗೆ 4 ಇಂಚಿನ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಲಗೆ) ಅರಿವೆ ಸುತ್ತಿ ನಿಲ್ಲಿಸ್ತೀನಿ, ಅದಕ್ಕ ಬೆಂಕಿ ಹತ್ತಂಗಿಲ್ಲ. ಫೋಮ್ ಕೀಳುವಾಗ ಗೋಡೆಯ ಪುಟ್ಟಿಯೂ ಜೊತಿಗೇ ಎದ್ದು ಬಂದೈತಿ. ಪೇಂಟರಿಗೆ ಹೇಳೀನಿ, ಇನ್ನೂ ಬಂದಿಲ್ಲ.