ಹೊರಗಿನ ಶವರಿಗೆ ಕರೆಂಟಿನ ವಾಲ್ವ್ ಕೊಳ್ಳುವ ಮುನ್ನ

ಕೊಡಗಿನ ಸಿದ್ದಾಪುರದ ಸಮೀಪದ ನಮ್ಮ ತೋಟದಲ್ಲಿ ಮಳೆಗಾಲದ ಕೆಲಸ ಮುಗಿಸಿ, ಕೆಸರು ಮತ್ತು ಜಿಗಣೆಗಳ ಸಮೇತ ಮರಳುವವರು ಮನೆಯೊಳಗೆ ಬರುವ ಮೊದಲೇ ಮೈ ತೊಳೆದುಕೊಳ್ಳಲೆಂದು ಹಿತ್ತಲಿನಲ್ಲಿ ಒಂದು ಶವರ್ ಹಾಕಿಸಿದ್ದೆವು. ನಲ್ಲಿ ಮುಚ್ಚಲು ಮರೆತು ಟ್ಯಾಂಕ್ ಬರಿದಾಗುತ್ತಿದ್ದುದರಿಂದ, ಗುಂಡಿ ಒತ್ತಿದರೆ ಮೂರು ನಿಮಿಷ ನೀರು ಬಿಟ್ಟು ತಾನೇ ನಿಲ್ಲುವ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಅಳವಡಿಸಿದೆ. ಅಂಗಡಿಯಲ್ಲಿ ನಾನು ಹೇಳಿದ್ದು ಪೈಪಿನ ಅಳತೆಯನ್ನು ಮಾತ್ರ. ಅವರು ಅರ್ಧ ಇಂಚಿನ, 230 ವೋಲ್ಟಿನ ವಾಲ್ವ್ ಕೊಟ್ಟರು.

ಮೊದಲ ದಿನದಿಂದಲೇ ನೀರು ಸಣ್ಣಗೆ ಬರುತ್ತಿತ್ತು, ನಿಂತ ಮೇಲೂ ತೊಟ್ಟಿಕ್ಕುತ್ತಿತ್ತು. ಅಂತಹ ವಾಲ್ವಿನಲ್ಲಿ ಕರೆಂಟ್ ಹರಿಯುವ ತಂತಿಯ ಸುರುಳಿ, ಅಂದರೆ ಕಾಯಿಲ್, ಒಂದು ಸಣ್ಣ ರಂಧ್ರವನ್ನಷ್ಟೇ ತೆರೆಯುತ್ತದೆ. ನೀರಿನ ದಾರಿಯನ್ನು ಮುಚ್ಚುವ ಒಳಗಿನ ರಬ್ಬರ್ ಪೊರೆಯನ್ನು (ಡಯಾಫ್ರಮ್) ಎತ್ತುವುದೂ ಒತ್ತಿ ಮುಚ್ಚುವುದೂ ನೀರಿನ ಒತ್ತಡವೇ. ಹತ್ತು ಮೀಟರ್ ಎತ್ತರದ ನೀರಿನಿಂದ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕ್ ಶವರಿಗಿಂತ ಎರಡೇ ಮೀಟರ್ ಮೇಲಿದೆ, ಎಂದರೆ ಬರೀ 0.2 ಬಾರ್, ಈ ಬಗೆಯ ಅನೇಕ ವಾಲ್ವುಗಳಿಗೆ 0.3ರಿಂದ 0.5 ಬಾರ್ ಆದರೂ ಬೇಕು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಾಯಿಲಿನ ವೈರ್ ಸೇರುವ ಜಾಗಕ್ಕೆ ನೀರು ಇಳಿದಿತ್ತು. ಒದ್ದೆ ಕಾಲಿನಲ್ಲಿ ನಿಂತು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಿಡಿದ ಚಿಕ್ಕಮ್ಮನ ಮಗನಿಗೆ ಶಾಕ್ ಹೊಡೆಯಿತು. ಕೈ ಬಿಡಿಸಿಕೊಂಡದ್ದರಿಂದ ಉಳಿದ. ಆ ಲೈನಿಗೆ, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿಸದೆ ಇದ್ದದ್ದು ನನ್ನ ತಪ್ಪು, ಆ ದಿನವನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ದಯವಿಟ್ಟು ಸ್ನಾನದ ಜಾಗಕ್ಕೆ 230 ವೋಲ್ಟ್ ಒಯ್ಯಬೇಡಿ. 12 ಅಥವಾ 24 ವೋಲ್ಟಿನ ವಾಲ್ವನ್ನೇ ಕೇಳಿ, ಅದರ ಟ್ರಾನ್ಸ್‌ಫಾರ್ಮರನ್ನು ಮನೆಯೊಳಗೆ ಇಡಿಸಿ, ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಟ್ಯಾಂಕ್ ತಗ್ಗಿನಲ್ಲಿದ್ದರೆ ಸೊನ್ನೆ ಒತ್ತಡದಲ್ಲೂ ನಡೆಯುವ ಮಾದರಿ ಬೇಕು. ನಾನೀಗ ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಹಾಕಿಸಿದ್ದೇನೆ. ಅದಕ್ಕೆ ಒತ್ತಡದ ಹಂಗಿಲ್ಲ. ಆದರೆ ಅದರ ಸಾಮಾನ್ಯ ಮಾದರಿ ಕರೆಂಟ್ ಹೋದಾಗ ಇದ್ದಂತೆಯೇ ನಿಂತುಬಿಡುತ್ತದೆ. ಗಾಳಿಗೆ ಮರ ಬಿದ್ದು ತಂತಿ ಹರಿಯುವ ನಮ್ಮ ಊರಿನಲ್ಲಿ, ಕರೆಂಟ್ ಹೋದೊಡನೆ ತಾನೇ ಮುಚ್ಚಿಕೊಳ್ಳುವ ಮಾದರಿಯನ್ನು ಹುಡುಕಿ ಕೊಳ್ಳಬೇಕಾಯಿತು. ಹೊಳೆಯ ನೀರಿನಲ್ಲಿ ಮರಳು ಬರುವುದರಿಂದ ವಾಲ್ವಿನ ಮುಂಚೆ ಜಾಲರಿಯ ಫಿಲ್ಟರ್, ಅದಕ್ಕೂ ಮುಂಚೆ ಕೈಯಿಂದ ತಿರುಗಿಸುವ ಒಂದು ವಾಲ್ವ್ ಇದೆ. ಮನೆಯಲ್ಲಿ ಯಾರೂ ಇರದ ದಿನ ಅದನ್ನು ಮುಚ್ಚಿಯೇ ಹೊರಡುತ್ತೇವೆ.